ಪಗಾರ ತಪ್ಪಲ್ಲ, ಸಾಲ ತೀರಲ್ಲ: ಕಲಬುರಗಿಯ ಹದಿನಾಲ್ಕು ಸಾವಿರದ ನೌಕರಿ

ಕಲಬುರಗಿಯಲ್ಲಿ ನೌಕರಿ ಇಲ್ಲದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವೇದಿಕೆ ಮೇಲೂ ಅದೇ, ಚಹಾದಂಗಡಿಯಲ್ಲೂ ಅದೇ. ನೌಕರಿ ಇದ್ದವರ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೇನ್ರೀ, ತಿಂಗಳಾದರೆ ಪಗಾರ ಬರುತ್ತದಲ್ಲ, ಅಷ್ಟೇ ಊರಿನ ತೀರ್ಮಾನ.

ಆ ಪಗಾರ ಎಷ್ಟು ಅಂತ ಕೇಳಿ ನೋಡಿ. ಮಿನಿ ವಿಧಾನಸೌಧದಲ್ಲಿ ಏಜೆನ್ಸಿ ಮೂಲಕ ಸೇರಿದ ಡೇಟಾ ಎಂಟ್ರಿ ಆಪರೇಟರ್, ಗಂಜಿನ (ಕೃಷಿ ಮಾರುಕಟ್ಟೆಯ) ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಕಪನೂರಿನ ದಾಲ್ ಮಿಲ್ಲಿನ ಸೂಪರ್‌ವೈಸರ್, ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂರುವವರು, ಬಟ್ಟೆ ಶೋರೂಂನ ಕ್ಯಾಷಿಯರ್. ಇವರಲ್ಲಿ ಬಹಳ ಮಂದಿ ಹತ್ತರಿಂದ ಹದಿನೆಂಟು ಸಾವಿರದ ನಡುವೆ ಇದ್ದಾರೆ. ಖಾಸಗಿ ಶಾಲೆಯ ಟೀಚರ್‌ಗಳು ಇನ್ನೂ ಕೆಳಗೆ. ಎಷ್ಟೋ ಶಾಲೆಗಳಲ್ಲಿ ಬೇಸಿಗೆ ರಜೆಗೆ ಪಗಾರವೇ ಇಲ್ಲ. ಕೆಲಸ ಹೋಗುತ್ತದೆ ಅನ್ನುವ ಭಯ ಇವರಿಗೆ ಜಾಸ್ತಿ ಇಲ್ಲ. ಆದರೆ ಐದು ವರ್ಷ, ಎಂಟು ವರ್ಷ ಒಂದೇ ಕುರ್ಚಿಯಲ್ಲಿ ಕೂತರೂ ಮನೆಯ ಲೆಕ್ಕ ಒಂದಿಂಚು ಮುಂದೆ ಹೋಗುವುದಿಲ್ಲ. ಬಿಡೋಣ ಅಂದರೆ ಬಿಡಲಿಕ್ಕೂ ಆಗುವುದಿಲ್ಲ.

ಧೈರ್ಯ ಇಲ್ಲ, ಸ್ಕಿಲ್ ಇಲ್ಲ, ಊರು ಬಿಟ್ಟು ಹೋಗುವ ಮನಸ್ಸಿಲ್ಲ ಅಂತ ಬೈಯುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದರ ಮೊದಲ ಪಗಾರ ಕೈಗೆ ಬರುವ ತನಕ ಎರಡು ತಿಂಗಳು ಮನೆ ನಡೆಸುವ ರೊಕ್ಕ ಬೇಕು. ಇವರ ಹತ್ತಿರ ಇಲ್ಲದ್ದು ಅದೊಂದೇ. ಅದನ್ನು ಕೂಡಿಡಲು ಬಿಡದ ಹಾಗೆ ಈ ನೌಕರಿಯ ಸುತ್ತ ಎಲ್ಲವೂ ಜೋಡಣೆಯಾಗಿದೆ.

ಒಂದು ಮನೆಯ ಲೆಕ್ಕ ಹಾಕೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡನಿಗೆ ಒಟ್ಟು ಪಗಾರ 16,000 ಅಂತ ಇಟ್ಟುಕೊಳ್ಳಿ. ಅದರಲ್ಲಿ 15,000 ರೂಪಾಯಿಗೆ 12 ಪರ್ಸೆಂಟ್ ಪಿಎಫ್ ಹಿಡಿದರೆ 1,800 ಹೋಯಿತು. ಇಎಸ್‌ಐ ಅನ್ನುವ ಆರೋಗ್ಯ ವಿಮೆಗೆ 0.75 ಪರ್ಸೆಂಟ್, ಅಂದರೆ 120. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಪಗಾರಕ್ಕೆ ವೃತ್ತಿ ತೆರಿಗೆ ಇಲ್ಲ, ಅದೊಂದು ಉಳಿಯಿತು. ಕೈಗೆ 14,080.

ಊರ ಹೊರಗಿನ ಬಡಾವಣೆಯಲ್ಲಿ ಎರಡು ಖೋಲಿಯ ಮನೆಗೆ ಬಾಡಿಗೆ 4,500. ಕಿರಾಣಿ 3,500. ಹಾಲು 1,200. ಗ್ಯಾಸ್ 950. ಗಾಡಿಗೆ ಪೆಟ್ರೋಲ್ 1,200. ಶಾಲೆಯ ಫೀಸು, ಆಟೋ ಸೇರಿ ತಿಂಗಳಿಗೆ 1,500. ಎರಡು ಮೊಬೈಲಿಗೆ ರೀಚಾರ್ಜ್ 600. ಒಟ್ಟು 13,450. ಉಳಿದದ್ದು 630 ರೂಪಾಯಿ. ಇದರಲ್ಲಿ ಬಟ್ಟೆ ಇಲ್ಲ, ಔಷಧಿ ಇಲ್ಲ, ಶರಣಬಸವೇಶ್ವರ ಜಾತ್ರೆಗೆ ಬರುವ ನೆಂಟರಿಲ್ಲ, ಮೇ ತಿಂಗಳ ಕೂಲರ್ ಬಿಲ್ಲೂ ಇಲ್ಲ.

ಈಗ ಸಾಲ ಸೇರಿಸಿ. ಬೈಕಿನ ಕಂತು 2,400. ಹೆಂಡತಿಯ ಹೆಸರಲ್ಲಿ ತೆಗೆದ ಸಂಘದ ಸಾಲದ ಕಂತು 2,000. ಈಗ 3,770 ಕೊರತೆ ಬಿತ್ತು. ಗೃಹಲಕ್ಷ್ಮಿಯ 2,000 ಬಂದರೆ ಕೊರತೆ 1,770ಕ್ಕೆ ಇಳಿಯುತ್ತದೆ. ಆ 1,770 ಎಲ್ಲಿಂದ? ಕೈಗಡ. ವರ್ಷಕ್ಕೆ ಇಪ್ಪತ್ತೊಂದು ಸಾವಿರದ ಮೇಲೆ ಕೈಗಡ. ಯಾರೂ ಕುಡಿದಿಲ್ಲ, ಜೂಜಾಡಿಲ್ಲ, ಮಾಲ್‌ಗೆ ಹೋಗಿಲ್ಲ. ಸುಮ್ನೆ ತಿಂಗಳು ಕಳೆದಿದೆ ಅಷ್ಟೇ.

ನಿಮ್ಮ ಮನೆಯ ಅಂಕಿ ಬೇರೆ ಇರಬಹುದು. ಸ್ವಂತ ಮನೆ ಇದ್ದರೆ ಬಾಡಿಗೆ ಉಳಿಯುತ್ತದೆ. ಅತ್ತೆ ಮಾವನ ಬಿಪಿ, ಶುಗರ್ ಮಾತ್ರೆ ಇದ್ದರೆ ಆ ಉಳಿದದ್ದೂ ಹೋಗುತ್ತದೆ.

ಉದ್ರಿಯ ಪುಸ್ತಕ

ಹುಮ್ನಾಬಾದ್ ರಿಂಗ್ ರೋಡ್ ಕಡೆ ನಾನು ಸಾಮಾನು ತರುವ ಒಂದು ಕಿರಾಣಿ ಅಂಗಡಿ ಇದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ದನೆಯ ಉದ್ರಿ ಪುಸ್ತಕ, ಮೇಲೊಂದು ರಬ್ಬರ್ ಬ್ಯಾಂಡ್. ಒಂದು ಮನೆಗೆ ಒಂದು ಪುಟ. ಎಡಕ್ಕೆ ಸಾಮಾನು, ಬಲಕ್ಕೆ ಜಮಾ. ಬಲಗಡೆಯ ತಾರೀಖುಗಳನ್ನು ನೋಡಿದರೆ ಯಾವ ಆಫೀಸಿನಲ್ಲಿ ಯಾವತ್ತು ಪಗಾರ ಆಗುತ್ತದೆ ಅಂತ ಹೇಳಿಬಿಡಬಹುದು. ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಜಮಾ ಯಾವತ್ತೂ ಪೂರ್ತಿ ಇರುವುದಿಲ್ಲ. 3,860 ಆಗಿದ್ದರೆ 3,000 ಕೊಟ್ಟಿರುತ್ತಾರೆ. ಉಳಿದ 860 ಮುಂದಿನ ಪುಟದ ತಲೆಗೆ ಹೋಗಿ ಕೂರುತ್ತದೆ.

ದಿನಗೂಲಿಯವರಿಗೆ ಉದ್ರಿ ಕೊಡುತ್ತೀರಾ ಅಂತ ಒಮ್ಮೆ ಕೇಳಿದೆ. ಅಂಗಡಿಯ ಕಾಕಾ ತಲೆ ಅಲ್ಲಾಡಿಸಿದರು. ‘ಅವರು ದಿನದ್ದು ದಿನಾ ಕೊಟ್ಟು ಒಯ್ತಾರ. ನೌಕ್ರಿ ಮಾಡೋರಿಗಿ ಕೊಡ್ಲಾಕ ಅಂಜಿಕಿ ಇಲ್ಲ. ಎಲ್ಲಿ ಹೋಗ್ತಾರ?’

ಎಲ್ಲಿ ಹೋಗುತ್ತಾರೆ! ಕಾಕಾ ಹೇಳಿದ್ದನ್ನೇ ಫೈನಾನ್ಸ್ ಕಂಪನಿಗಳೂ ಲೆಕ್ಕ ಹಾಕುತ್ತವೆ. ಪಗಾರ ಸಣ್ಣದಾದರೂ ತಪ್ಪುವುದಿಲ್ಲ ಅನ್ನುವುದೇ ಅಡಮಾನ. ಕೂಲಿ ಮಾಡುವವನಿಗೆ ಸಿಗದ ಬೈಕ್ ಸಾಲ, ಮೊಬೈಲ್ ಸಾಲ, ಫ್ರಿಜ್ಜಿನ ಕಂತು ಇವರಿಗೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಖಾಸಗಿಯಾಗಿ ಬಡ್ಡಿಗೆ ಕೊಡುವವರಲ್ಲಿ ಕೆಲವರು ಎಟಿಎಂ ಕಾರ್ಡನ್ನೋ ಸಹಿ ಮಾಡಿದ ಖಾಲಿ ಚೆಕ್ಕನ್ನೋ ಇಟ್ಟುಕೊಳ್ಳುತ್ತಾರೆ. ಹಾಗೆ ಮುಂದಿನ ಪಗಾರ ಈಗಾಗಲೇ ಮಾರಾಟವಾಗಿ ಹೋಗಿರುತ್ತದೆ. ಅದರಾಚೆಯದ್ದೂ ಅರ್ಧ.

ಇಲ್ಲಿ ನಿಯಮವೂ ಪೂರ್ತಿ ಕೈ ಹಿಡಿಯುವುದಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ಮಿತಿ ಹಾಕಿತು. ವರ್ಷಕ್ಕೆ 3 ಲಕ್ಷದ ತನಕ ಆದಾಯ ಇರುವ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನಮ್ಮ ಲೆಕ್ಕದ ಮನೆಯನ್ನೇ ನೋಡಿ. ಗೃಹಲಕ್ಷ್ಮಿ ಸೇರಿ ಆದಾಯ 16,080. ಅರ್ಧ ಅಂದರೆ 8,040. ಅವರು ಕಟ್ಟುತ್ತಿರುವುದು 4,400 ಮಾತ್ರ. ನಿಯಮದ ಪ್ರಕಾರ ಇನ್ನೂ 3,600 ರೂಪಾಯಿಯ ಕಂತಿಗೆ ಸಾಲ ಕೊಡಬಹುದು! ಮನೆ ಆಗಲೇ ಮುಳುಗಿದೆ, ನಿಯಮದ ಕಣ್ಣಿಗೆ ಇನ್ನೂ ಜಾಗ ಇದೆ. ಪರ್ಸೆಂಟ್ ಲೆಕ್ಕ ಸಣ್ಣ ಪಗಾರಕ್ಕೆ ಹೊಂದುವುದಿಲ್ಲ. ಒಂದು ಲಕ್ಷ ದುಡಿಯುವವನು ಅರ್ಧ ಕಂತು ಕಟ್ಟಿದರೂ ಐವತ್ತು ಸಾವಿರ ಉಳಿಯುತ್ತದೆ. ಇವರಿಗೆ ಉಳಿಯುವುದು ಬಾಡಿಗೆ ಮತ್ತು ಕಿರಾಣಿಯ ರೊಕ್ಕ.

ಊರಲ್ಲಿ ಸಾಮಾನ್ಯವಾಗಿ ಕೇಳುವ ಕೈಸಾಲದ ದರ ನೂರಕ್ಕೆ ಮೂರು. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36 ಪರ್ಸೆಂಟ್. ಲೈಸೆನ್ಸ್ ಇರುವ ಲೇವಾದೇವಿದಾರರಿಗೆ ನಮ್ಮ ರಾಜ್ಯದಲ್ಲಿ ಇರುವ ಮಿತಿ ಅಡಮಾನ ಇದ್ದರೆ 14, ಇಲ್ಲದಿದ್ದರೆ 16 ಪರ್ಸೆಂಟ್. ಇನ್ನು ಮನೆ ಮುಂದೆ ಬಂದು ಕೂತು ಕಿರುಕುಳ ಕೊಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿತು. 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ವಸೂಲಿಯ ದಬ್ಬಾಳಿಕೆಗೆ ಇದು ಮದ್ದು. ತಿಂಗಳ 1,770ರ ಕೊರತೆಗೆ ಅಲ್ಲ.

ತಾರೀಖಿನ ಆಟ ಬೇರೆ ಇದೆ. ಕಂತು 5ನೇ ತಾರೀಖಿಗೆ ಕಟ್ ಆಗುತ್ತದೆ. ಏಜೆನ್ಸಿಯ ಪಗಾರ 12ಕ್ಕೋ 18ಕ್ಕೋ, ಬಿಲ್ ಪಾಸ್ ಆಗದಿದ್ದರೆ ಮುಂದಿನ ತಿಂಗಳಿಗೋ. ಕಾನೂನು ಹೇಳುವುದು ತಿಂಗಳು ಮುಗಿದ ಏಳು ದಿನದೊಳಗೆ ಕೊಡಬೇಕು ಅಂತ. ಕಂತು ಬೌನ್ಸ್ ಆದರೆ ಬ್ಯಾಂಕಿನದೊಂದು ದಂಡ, ಫೈನಾನ್ಸ್‌ನವರದೊಂದು ದಂಡ. ತಡ ಮಾಡಿದವರು ಒಬ್ಬರು, ದಂಡ ಕಟ್ಟುವವರು ಇನ್ನೊಬ್ಬರು.

ಒಂದೇ ಖೋಲಿ, ಎರಡು ಪಗಾರ

ಸರ್ಕಾರಿ ಕಚೇರಿಯ ಹೊರಗುತ್ತಿಗೆ ನೌಕರರ ಸಂಕಟಕ್ಕೆ ಇನ್ನೊಂದು ಮುಖ ಇದೆ. ಪಕ್ಕದ ಟೇಬಲ್ಲಿನಲ್ಲಿ ಕೂತ ಕಾಯಂ ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಹೋಯಿತು. ಅದು ಅವರ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದೇ ಫೈಲನ್ನು ಟೈಪ್ ಮಾಡಿದವರ ಪಗಾರ ಟೆಂಡರ್‌ನಲ್ಲಿ ಬರೆದಷ್ಟೇ. ಬೆಲೆ ವರ್ಷಕ್ಕೆ 5 ಪರ್ಸೆಂಟ್ ಏರುತ್ತಾ ಹೋದರೆ ಇವತ್ತಿನ 14,000 ಹತ್ತು ವರ್ಷದ ಮೇಲೆ ಈಗಿನ 8,600 ರೂಪಾಯಿಯಷ್ಟು ಕೆಲಸ ಮಾಡುತ್ತದೆ. ಪಗಾರ ಕಡಿಮೆ ಮಾಡಿದೆವು ಅಂತ ಯಾರೂ ಆದೇಶ ಹೊರಡಿಸಬೇಕಾಗಿಲ್ಲ.

ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ, ಕಥೆ ಇನ್ನೂ ವಿಚಿತ್ರ. ಅದಕ್ಕೆ ಒಬ್ಬ ಮಾಲೀಕರ ಕೆಳಗೆ ಐದು ವರ್ಷ ಸತತ ಸೇವೆ ಬೇಕು. ಒಂದೇ ಕುರ್ಚಿಯಲ್ಲಿ ಹತ್ತು ವರ್ಷ ಕೂತವರು ಇದ್ದಾರೆ. ಆದರೆ ಒಂದೆರಡು ವರ್ಷಕ್ಕೊಮ್ಮೆ ಟೆಂಡರ್ ಬದಲಾಗುತ್ತದೆ, ಏಜೆನ್ಸಿ ಬದಲಾಗುತ್ತದೆ. ಕಾಗದದ ಮೇಲೆ ಇವರು ಯಾರ ಹತ್ತಿರವೂ ಐದು ವರ್ಷ ಕೆಲಸ ಮಾಡಿಯೇ ಇಲ್ಲ! 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತ ಇದೆ. ಅದು ಲಿಖಿತ ಒಪ್ಪಂದದ ಮೇಲೆ ನಿಗದಿತ ಅವಧಿಗೆ ತೆಗೆದುಕೊಂಡವರಿಗೆ. ನಿಮ್ಮ ಕೈಯಲ್ಲಿ ನೇಮಕಾತಿ ಪತ್ರ ಇದೆಯೇ, ಅದರಲ್ಲಿ ಏನು ಬರೆದಿದೆ ಅನ್ನುವುದು ಹಾಗಾಗಿ ಈಗ ಮುಖ್ಯ. ಎಷ್ಟೋ ಜನಕ್ಕೆ ಪತ್ರವೇ ಇಲ್ಲ.

ಕಾಯಂ ಆಗುತ್ತೇವೆ ಅನ್ನುವ ಆಸೆಯ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿದ್ದು ನಮ್ಮದೇ ರಾಜ್ಯದ ಒಂದು ಮೊಕದ್ದಮೆ. 2006ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸರಿಯಾದ ನೇಮಕಾತಿ ಇಲ್ಲದೆ ಸೇರಿದವರು ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವ ಹಾಗಿಲ್ಲ ಅಂದಿತು. ಹತ್ತು ವರ್ಷ ದುಡಿದ ಕೆಲವರಿಗೆ ಒಂದೇ ಬಾರಿಯ ವಿನಾಯಿತಿ ಕೊಟ್ಟಿತು. 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕು ಅಂದಿತು. 2024ರ ಡಿಸೆಂಬರ್‌ನಲ್ಲಿ, ಉಮಾದೇವಿ ತೀರ್ಪನ್ನು ಸರ್ಕಾರಗಳು ಗುರಾಣಿ ಮಾಡಿಕೊಂಡು ದೀರ್ಘಕಾಲ ದುಡಿದವರಿಗೆ ಅನ್ಯಾಯ ಮಾಡುವುದು ಸರಿಯಲ್ಲ ಅಂತಲೂ ಹೇಳಿತು. ತೀರ್ಪುಗಳ ಗಾಳಿ ನಿಧಾನಕ್ಕೆ ತಿರುಗುತ್ತಿದೆ, ನಿಜ. ಆದರೆ ಏಜೆನ್ಸಿ ನಡುವೆ ಇದ್ದರೆ ಕಚೇರಿ ಮೊದಲು ಹೇಳುವ ಮಾತು ‘ಇವರು ನಮ್ಮ ನೌಕರರೇ ಅಲ್ಲ’ ಅಂತ.

371ಜೆ ಮತ್ತು ಕಾಯುವ ಖರ್ಚು

ಇದು ನಮ್ಮ ಭಾಗಕ್ಕೇ ವಿಶೇಷವಾದ ಗಂಟು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಅದರಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿಗೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಪರ್ಸೆಂಟ್ ಹುದ್ದೆ ಇಲ್ಲಿಯವರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ 8 ಪರ್ಸೆಂಟ್. ಇದು ದೊಡ್ಡ ಗೆಲುವು. ಎಷ್ಟೋ ಮನೆಗಳ ಮೊದಲ ಸರ್ಕಾರಿ ನೌಕರಿ ಇದರಿಂದಲೇ ಬಂದಿದೆ.

ಆದರೆ ಈ ಆಸೆಯೇ ಸಣ್ಣ ಪಗಾರದ ನೌಕರಿಗೆ ಜನರನ್ನು ಕಟ್ಟಿಹಾಕುತ್ತದೆ. ಸಹಾಯಕ ಆಯುಕ್ತರ ಕಚೇರಿಯಿಂದ 371ಜೆ ಸರ್ಟಿಫಿಕೇಟ್ ತಂದು ಫೈಲಿನಲ್ಲಿ ಇಟ್ಟುಕೊಂಡವರು ‘ಅಲ್ಲೀತನ ಇದು ಇರಲಿ’ ಅಂತ ಸೇರುತ್ತಾರೆ. ಕೆಲಸದ ಒತ್ತಡ ಕಡಿಮೆ, ಸಂಜೆ ಓದಬಹುದು, ಊರಲ್ಲೇ ಇರಬಹುದು. ಲೆಕ್ಕ ಸರಿಯಾಗಿಯೇ ಇದೆ, ಪರೀಕ್ಷೆ ಹೊತ್ತಿಗೆ ನಡೆದರೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಕಲಬುರಗಿಯ ಪರೀಕ್ಷಾ ಕೇಂದ್ರದ ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕೂ ಜಾಸ್ತಿ ಕಾಲ ಹೋಯಿತು. ಆಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥ ಆಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ಹಂಚಿಕೆಗೆ ಸಂಪುಟ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಬೇಕಿತ್ತು, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ತೀರ್ಮಾನ ತಡವಾದಷ್ಟೂ ಅದರ ಖರ್ಚು ಹೊತ್ತವರು ಮಾತ್ರ ಹತ್ತು ಹನ್ನೆರಡು ಸಾವಿರದಲ್ಲಿ ಕಾಯುತ್ತಿದ್ದವರು. ವಯೋಮಿತಿ ಸಡಿಲ ಮಾಡಿದರೆ ಅರ್ಜಿ ಹಾಕಲು ಅವಕಾಶ ಸಿಗುತ್ತದೆ, ಹೋದ ವರ್ಷಗಳ ಪಗಾರ ಸಿಗುವುದಿಲ್ಲ.

ಜತೆಗೆ ಮದುವೆಯ ಮಾರುಕಟ್ಟೆ. ‘ಹುಡುಗ ಡಿಸಿ ಆಫೀಸನ್ಯಾಗ ಹಾನ’ ಅಂದರೆ ಸಾಕು, ಏಜೆನ್ಸಿ ಅಂತ ಯಾರೂ ಕೇಳುವುದಿಲ್ಲ. ಅದನ್ನು ಬಿಟ್ಟು ಮೊಬೈಲ್ ರಿಪೇರಿ ಅಂಗಡಿ ಇಟ್ಟು ಎರಡು ಪಟ್ಟು ದುಡಿದರೂ ಮನೆಯವರು ಮುಖ ಚಿಕ್ಕದು ಮಾಡುತ್ತಾರೆ.

ಬೆಂಗಳೂರಿಗೆ ಹೋಗಬಾರದಾ?

ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. 2024ರಿಂದ ವಂದೇ ಭಾರತ್ ಕೂಡ ಇದೆ. ಹೋಗುವುದು ಕಷ್ಟವಲ್ಲ, ಹೋಗಿ ನಿಲ್ಲುವುದು ಕಷ್ಟ. 25,000ದ ಕೆಲಸ ಸಿಕ್ಕಿತು ಅನ್ನಿ. ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದು ಕೈಗೆ 23,000. ಇಲ್ಲಿಗಿಂತ 8,900 ಜಾಸ್ತಿ. ಸಣ್ಣ ಮನೆಗೆ ಬಾಡಿಗೆ 9,000 ಅಂದರೂ ಅದರಲ್ಲಿ 4,500 ಹೋಯಿತು. ಓಡಾಟ, ಶಾಲೆ, ತರಕಾರಿಯ ವ್ಯತ್ಯಾಸ ಕಳೆದರೆ ಎರಡು ಸಾವಿರ ಉಳಿದರೆ ಪುಣ್ಯ. ಆ ಎರಡು ಸಾವಿರಕ್ಕೆ ಮೊದಲೇ ಇಡಬೇಕಾದ್ದು ಎಷ್ಟು? ಐದು ತಿಂಗಳ ಅಡ್ವಾನ್ಸ್ 45,000, ಮೊದಲ ತಿಂಗಳ ಬಾಡಿಗೆ 9,000, ಸಾಮಾನು ಸಾಗಿಸಲು, ಮೊದಲ ಪಗಾರ ಬರುವ ತನಕ ಊಟಕ್ಕೆ ಅಂತ ಇನ್ನೊಂದು ಹದಿನೈದು ಸಾವಿರ. ಒಟ್ಟು ಎಪ್ಪತ್ತು ಸಾವಿರದ ಹತ್ತಿರ. ನೂರಕ್ಕೆ ಮೂರರಂತೆ ತಂದರೆ ಅದರ ಬಡ್ಡಿಯೇ ತಿಂಗಳಿಗೆ 2,100. ಉಳಿಯುವ ಎರಡು ಸಾವಿರ ಅಲ್ಲಿಗೆ ಮುಗಿಯಿತು.

ಒಂಟಿ ಹುಡುಗರು ಪಿಜಿಯಲ್ಲಿ ಇದ್ದು ಮೇಲೆ ಬರುತ್ತಾರೆ. ಮದುವೆಗೆ ಮುಂಚೆ ಹೋದವರಿಗೂ ಆಮೇಲೆ ಹೋಗುವವರಿಗೂ ಇಷ್ಟು ವ್ಯತ್ಯಾಸ ಆಗುವುದು ಇದಕ್ಕೇ.

ಪಗಾರ ಸ್ವಲ್ಪ ಏರಿದಾಗ ಕಳೆದುಕೊಳ್ಳುವುದೂ ಇದೆ. ಇಎಸ್‌ಐ ಸಿಗುವುದು 21,000ದ ತನಕ. ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆ ನೋಡಿದವರಿಗೆ ಗೊತ್ತು, 120 ರೂಪಾಯಿ ಕಟ್ಟಿ ಇಡೀ ಮನೆಗೆ ಅಂಥ ಆಸ್ಪತ್ರೆ ಸಿಗುವುದು ಸಣ್ಣ ಮಾತಲ್ಲ. ಹೊಸ ಕೆಲಸ 22,000 ಅಂತ ಸಂತೋಷಪಟ್ಟರೆ ಆ ಕಾರ್ಡು ಹೋಗುತ್ತದೆ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ ಮಿತಿ 1.2 ಲಕ್ಷ, ಅಂದರೆ ತಿಂಗಳಿಗೆ 10,000. ಲೆಕ್ಕದ ಮನೆಯ ಪಗಾರ ವರ್ಷಕ್ಕೆ 1.92 ಲಕ್ಷ. ಬ್ಯಾಂಕಿಗೆ ಬೀಳುತ್ತದೆ, ಪಿಎಫ್ ಕಟ್ ಆಗುತ್ತದೆ, ಮುಚ್ಚಿಡಲು ಬರುವುದಿಲ್ಲ. ಅವರಷ್ಟೇ ದುಡಿಯುವ, ಕಾಗದ ಇಲ್ಲದ ಇನ್ನೊಂದು ಮನೆಗೆ ಬಿಪಿಎಲ್ ಕಾರ್ಡು ಇರುತ್ತದೆ. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲೂ ಹಾಗೇ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಉಚಿತ, ಎಪಿಎಲ್ ಮನೆಗೆ ಸರ್ಕಾರ ಕೊಡುವುದು ಪ್ಯಾಕೇಜಿನ 30 ಪರ್ಸೆಂಟ್.

ಇನ್ನು ಊರಿನ ಹೊಲ. ಆಳಂದ, ಅಫಜಲಪುರ, ಚಿಂಚೋಳಿ, ಜೇವರ್ಗಿ ಕಡೆಯಿಂದ ಬಂದವರಿಗೆ ಕಲಬುರಗಿಯ ಪಗಾರ ಕಲಬುರಗಿಯಲ್ಲೇ ಮುಗಿಯುವುದಿಲ್ಲ. ತೊಗರಿ ಚೆನ್ನಾಗಿ ಬಂದ ವರ್ಷ ಊರಿಂದ ಚೀಲ ಬರುತ್ತದೆ. ನೆಟೆ ರೋಗ ಬಿದ್ದ ವರ್ಷ, ಅಥವಾ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ಹೊಲ ನುಂಗಿದಂಥ ವರ್ಷ, ರೊಕ್ಕ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಬಿತ್ತನೆ ಬೀಜಕ್ಕೆ, ಅಪ್ಪನ ಸೊಸೈಟಿ ಸಾಲಕ್ಕೆ. ಮನೆಯ ಬೆಳೆ ವಿಮೆ ಅಂದರೆ ಈ ಮಗನ ಹದಿನಾಲ್ಕು ಸಾವಿರ. ಹಾಗಿರುವಾಗ ಅವನು ‘ಎರಡು ತಿಂಗಳು ಖಾಲಿ ಇರ್ತೀನಿ’ ಅಂತ ಹೇಳುವುದಾದರೂ ಹೇಗೆ?

ನನ್ನ ಪರಿಚಯದ ಹುಡುಗನೊಬ್ಬ, ತಾಲ್ಲೂಕು ಕಚೇರಿಯೊಂದರಲ್ಲಿ ಆಪರೇಟರ್, ಇದನ್ನು ಒಂದೇ ಮಾತಿನಲ್ಲಿ ಹೇಳಿದ. ‘ಅಣ್ಣಾ, ಇದಕ್ಕಿಂತ ಚಲೋ ಕೆಲ್ಸ ಸಿಗಂಗಿಲ್ಲಂತಲ್ಲ. ಸಿಗೋತನ ಮನಿ ಯಾರು ನೋಡ್ತಾರ?’

ಬಿಡುವ ರೊಕ್ಕ

ಹಾಗಾದರೆ ಏನು ಮಾಡಬಹುದು? ಉಳಿತಾಯ ಮಾಡಿ ಅನ್ನುವ ಉಪದೇಶ ನನಗೆ ರುಚಿಸುವುದಿಲ್ಲ. ಎರಡು ತಿಂಗಳ ಖರ್ಚು, ಕಂತು ಸೇರಿ, ನಮ್ಮ ಲೆಕ್ಕದ ಮನೆಗೆ 35,700 ಬೇಕು. ತಿಂಗಳಿಗೆ ಸಾವಿರದಂತೆ ಉಳಿಸಿದರೂ ಮೂರು ವರ್ಷ. ಉಳಿಯುವುದೇ ಇಲ್ಲವಲ್ಲ. ಅದಕ್ಕೆ ಮೊದಲು ಸೋರುವ ಕಡೆ ಕೈ ಇಡಬೇಕು.

ದುಬಾರಿ ಸಾಲ ಮೊದಲು. ನೂರಕ್ಕೆ ಮೂರರ 20,000ಕ್ಕೆ ತಿಂಗಳ ಬಡ್ಡಿ 600. ಮನೆಯಲ್ಲಿ ಇರುವ ಚೂರು ಚಿನ್ನವನ್ನು ಬ್ಯಾಂಕಿನಲ್ಲಿ ಇಟ್ಟು ವರ್ಷಕ್ಕೆ 10 ಪರ್ಸೆಂಟಿಗೆ ಅಷ್ಟೇ ರೊಕ್ಕ ತಂದು ಅದನ್ನು ತೀರಿಸಿದರೆ ಬಡ್ಡಿ 167ಕ್ಕೆ ಇಳಿಯುತ್ತದೆ. ತಾಳಿ, ಬೆಂಡೋಲಿ ಬ್ಯಾಂಕಿಗೆ ಒಯ್ಯಲು ನಾಚಿಕೆ ಪಡುವವರು ಅದೇ ಊರಲ್ಲಿ ಮೂರು ಪರ್ಸೆಂಟ್ ಕಟ್ಟುತ್ತಾ ಇರುತ್ತಾರೆ. ಭಿಶಿ (ಚೀಟಿ) ಹಾಕಿದವರು ತಮ್ಮ ಪಾಳಿ ಬಂದಾಗ ಟಿವಿ ತರುವ ಬದಲು ಇದನ್ನು ತೀರಿಸಿದರೆ ಅದೇ ದೊಡ್ಡ ಗಳಿಕೆ. ಕಂತಿನ ತಾರೀಖು ಮುಂದೆ ಹಾಕಿ ಅಂತ ಫೈನಾನ್ಸ್‌ನವರಿಗೆ ಅರ್ಜಿ ಕೊಡಬಹುದು. ಕೆಲವರು ಒಪ್ಪುತ್ತಾರೆ.

ಎರಡನೆಯದು, ಕಟ್ ಆದ ರೊಕ್ಕ ಎಲ್ಲಿಗೆ ಹೋಯಿತು ಅಂತ ನೋಡುವುದು. ಪಿಎಫ್ ಪಾಸ್‌ಬುಕ್ ಮೊಬೈಲಿನಲ್ಲೇ ಕಾಣುತ್ತದೆ. ನಿಮ್ಮ 12 ಪರ್ಸೆಂಟ್ ಜತೆಗೆ ಮಾಲೀಕರ 12 ಪರ್ಸೆಂಟ್ ಬರಬೇಕು. ಅದರಲ್ಲಿ 8.33 ಪಿಂಚಣಿಗೆ ಹೋಗುತ್ತದೆ. ಕೆಲವು ಏಜೆನ್ಸಿಗಳು ಎರಡೂ ಪಾಲನ್ನು ನೌಕರರ ಪಗಾರದಿಂದಲೇ ಹಿಡಿಯುತ್ತವೆ. ಅದು ಕಾನೂನುಬಾಹಿರ. ಏಜೆನ್ಸಿ ಬದಲಾದಾಗ ಹೊಸ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಮಾಡಿಸಿಬಿಟ್ಟರೆ ಸೇವೆ ತುಂಡಾಗುತ್ತದೆ. ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು, ಹಾಗಾಗಿ ಹಳೆಯದಕ್ಕೇ ಸೇರಿಸಿಕೊಳ್ಳಬೇಕು. ದಾಲ್ ಮಿಲ್, ಶೋರೂಂನಂಥ ಕಡೆ 20 ಜನ ಅಥವಾ ಜಾಸ್ತಿ ಇದ್ದರೆ ಬೋನಸ್ ಕೂಡ ಕೇಳಬಹುದು. ಕಾರ್ಮಿಕ ಸಂಹಿತೆಗಳಿಗೆ ಮೊದಲು ಇದ್ದ 1965ರ ಬೋನಸ್ ಕಾಯ್ದೆಯ 8.33 ಪರ್ಸೆಂಟ್ ಲೆಕ್ಕದಲ್ಲಿ, ತಿಂಗಳಿಗೆ 7,000 ಅಂತ ಹಿಡಿದರೂ ವರ್ಷಕ್ಕೆ 7,000 ರೂಪಾಯಿ ಆಗುತ್ತದೆ. ದೀಪಾವಳಿಗೆ ಸಿಹಿ ಡಬ್ಬ ಕೊಟ್ಟು ಕಳಿಸಿದರೆ ಅದು ಬೋನಸ್ ಅಲ್ಲ.

ಮೂರನೆಯದು ಊರಲ್ಲೇ ಇರುವ ಕೆಲಸ. ಗಂಜಿನ ವ್ಯಾಪಾರಿಗಳಿಗೆ ಡಿಸೆಂಬರ್‌ನಿಂದ ಫೆಬ್ರವರಿ ತನಕ, ತೊಗರಿ ಆವಕ ಇರುವಾಗ, ಟ್ಯಾಲಿ ಮತ್ತು ಜಿಎಸ್‌ಟಿ ಗೊತ್ತಿರುವವರು ಸಾಲುವುದಿಲ್ಲ. ಸಂಜೆ ಎರಡು ಗಂಟೆಯ ಇಂಥ ಕೆಲಸ ಇದ್ದ ಕೆಲಸ ಬಿಡದೆಯೇ ಮಾಡಬಹುದಾದದ್ದು. ಅದರ ರೊಕ್ಕವನ್ನು ಮನೆಖರ್ಚಿಗೆ ಬೆರೆಸದೆ ಬೇರೆ ಖಾತೆಯಲ್ಲಿ ಇಟ್ಟರೆ ಮಾತ್ರ ಉಪಯೋಗ. ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಇಎಸ್‌ಐಸಿ, ಕಿದ್ವಾಯಿ, ಖಾಸಗಿ ಆಸ್ಪತ್ರೆ ಎಲ್ಲಾ ಸೇರಿದರೆ ಲ್ಯಾಬ್, ಡಯಾಲಿಸಿಸ್, ಎಕ್ಸ್‌ರೇ ಟೆಕ್ನಿಶಿಯನ್‌ಗಳಿಗೆ ಈ ಊರಲ್ಲಿ ಬೇಡಿಕೆ ಇದೆ. ಆದರೆ ಆ ಕೋರ್ಸ್ ಮಾಡಲು ಒಂದೆರಡು ವರ್ಷ ಬೇಕು. ಮತ್ತೆ ಅದೇ ಪ್ರಶ್ನೆ: ಅಲ್ಲಿಯ ತನಕ ಮನೆ? ಪದವಿ ಮುಗಿಸಿ ಕೆಲಸ ಇಲ್ಲದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ಇದೆ. ಕೆಲಸದಲ್ಲಿ ಇದ್ದುಕೊಂಡೇ ಕಲಿಯಬೇಕು ಅನ್ನುವವರಿಗೆ ಅಂಥದ್ದೇನೂ ಇಲ್ಲ. ನನ್ನ ಪ್ರಕಾರ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಸಮುದಾಯ ಭವನಗಳ ಸಂಖ್ಯೆ ಸ್ವಲ್ಪ ಕಡಿಮೆ ಮಾಡಿ ಇಂಥವರಿಗೆ ಆರು ತಿಂಗಳ ಕಲಿಕೆ ಭತ್ಯೆ ಕೊಟ್ಟರೆ ಜಾಸ್ತಿ ಉಪಯೋಗ.

ಏಜೆನ್ಸಿ ಪದ್ಧತಿಗೆ ಪರ್ಯಾಯ ಪಕ್ಕದ ಬೀದರ್‌ನಲ್ಲೇ ಇದೆ. ಅಲ್ಲಿ ಖಾಸಗಿ ಏಜೆನ್ಸಿಗಳ ಬದಲು ಕಾರ್ಮಿಕರ ಸಹಕಾರ ಸಂಘದ ಮೂಲಕ ಕಚೇರಿಗಳಿಗೆ ಹೊರಗುತ್ತಿಗೆ ನೌಕರರನ್ನು ಒದಗಿಸುತ್ತಾರೆ. ಅದೇ ಮಾದರಿಯನ್ನು ಬೇರೆ ಜಿಲ್ಲೆಗಳಿಗೂ ತರುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ಇದು ಬಂದರೆ ಪಗಾರ ಹೊತ್ತಿಗೆ ಸಿಗುವುದು, ಪಿಎಫ್ ಸರಿಯಾಗಿ ಜಮಾ ಆಗುವುದು, ಟೆಂಡರ್ ಬದಲಾದಾಗ ಸೇವೆ ತುಂಡಾಗದೆ ಇರುವುದು, ಇಷ್ಟು ಸುಧಾರಿಸಬಹುದು. ಪಗಾರದ ಮೊತ್ತ ಮಾತ್ರ ಹಾಗೇ ಇರುತ್ತದೆ. ಅದನ್ನು ತೀರ್ಮಾನಿಸುವುದು ಕನಿಷ್ಠ ವೇತನದ ಅಧಿಸೂಚನೆ. ಆ ಪಟ್ಟಿಯಲ್ಲಿ ಕಲಬುರಗಿ ಬೆಂಗಳೂರಿಗಿಂತ ಕೆಳಗಿನ ವಲಯದಲ್ಲಿದೆ, ಇಲ್ಲಿ ಬದುಕುವ ಖರ್ಚು ಕಡಿಮೆ ಅನ್ನುವ ಲೆಕ್ಕದ ಮೇಲೆ. ಬಾಡಿಗೆಯ ಮಟ್ಟಿಗೆ ಅದು ನಿಜ. ಗ್ಯಾಸ್, ಪೆಟ್ರೋಲ್, ರೀಚಾರ್ಜ್, ಬೈಕಿನ ಕಂತಿಗೆ ವಲಯ ಇಲ್ಲ. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಆ ಬೇಳೆಯನ್ನೂ ಇಲ್ಲಿಯವರು ಕಿರಾಣಿ ಅಂಗಡಿಯಿಂದ ಮಾರುಕಟ್ಟೆಯ ದರಕ್ಕೇ ತರುತ್ತಾರೆ, ಉದ್ರಿ ಬರೆಸಿ.